ಪುಟ್ಟ ಕನ್ಸೋಲ್‌ಗೆ ಗೇಮ್ ಮಾಡಬೇಕೇ? ಪಿಕೊ-8, ಪ್ಲೇಡೇಟ್, ಆರ್ಡುಬಾಯ್, ಗೇಮ್ ಬಾಯ್ ಪೈಕಿ ಯಾವುದು ಯಾರಿಗೆ

ಒಬ್ಬರೇ ಕೂತು ಸಣ್ಣದೊಂದು ಗೇಮ್ ಮಾಡಬೇಕು. ಅದು ಅಂಗೈಯಲ್ಲಿ ಹಿಡಿಯುವ ಕನ್ಸೋಲ್‌ನಲ್ಲಿ ಓಡಬೇಕು. ಯಾವ ದೊಡ್ಡ ಕಂಪನಿಯ ಅಪ್ಪಣೆಗೂ ಕಾಯುವಂತಿರಬಾರದು. ಈ ಆಸೆ ಇರುವವರಿಗೆ ಈಗ ದಾರಿಗಳು ಬೇಕಾದಷ್ಟಿವೆ. ಗೊಂದಲವೂ ಅಷ್ಟೇ ಇದೆ.

ಹೆಚ್ಚಿನವರು ಪ್ರೊಸೆಸರ್ ವೇಗ, ಮೆಮೊರಿ, ಸ್ಕ್ರೀನ್ ಅಳತೆ ಇವನ್ನೇ ಮುಂದಿಟ್ಟುಕೊಂಡು ಹೋಲಿಸುತ್ತಾರೆ. ನನಗೆ ಅದು ತಲೆಕೆಳಗಾದ ಲೆಕ್ಕ ಅನಿಸುತ್ತದೆ. ಗೇಮ್ ಮುಗಿದ ಮೇಲೆ ಅದನ್ನು ಆಡುವವರು ಯಾರು, ಅವರ ಕೈಗೆ ಅದು ಹೇಗೆ ತಲುಪುತ್ತದೆ ಎಂಬುದನ್ನು ಮೊದಲು ಯೋಚಿಸಿ. ಅರ್ಧ ಆಯ್ಕೆಗಳು ಅಲ್ಲೇ ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ಯಾವ ಮಿತಿಯೊಳಗೆ ಕೆಲಸ ಮಾಡಲು ನಿಮಗೆ ಖುಷಿ ಅನ್ನುವುದು ಎರಡನೇ ಪ್ರಶ್ನೆ. ಮೆಗಾಹರ್ಟ್ಸ್ ಲೆಕ್ಕ ಆಮೇಲೆ ಬಂದರೂ ನಡೆಯುತ್ತದೆ.

ಇನ್ನೊಂದು ವಿಷಯ. ಇವೆಲ್ಲ ಒಂದೇ ಥರ ಓಪನ್ ಅಲ್ಲ. ಆರ್ಡುಬಾಯ್‌ನ ಸರ್ಕ್ಯೂಟ್ ನಕ್ಷೆಯೂ ಸಾಫ್ಟ್‌ವೇರೂ ಎಲ್ಲರಿಗೂ ಸಿಗುತ್ತವೆ. ಬೇಕಿದ್ದರೆ ಬಿಡಿಭಾಗ ತಂದು ನೀವೇ ಒಂದನ್ನು ಜೋಡಿಸಬಹುದು. ಪ್ಲೇಡೇಟ್‌ನ ಆಪರೇಟಿಂಗ್ ಸಿಸ್ಟಮ್‌ನ ಸೋರ್ಸ್ ಕೋಡ್ ಸಿಗುವುದಿಲ್ಲ, ಆದರೆ ಅಂಗಡಿಯಿಂದ ಬಂದ ಪ್ರತಿ ಯಂತ್ರದಲ್ಲೂ ನಿಮ್ಮ ಸ್ವಂತ ಗೇಮ್ ಹಾಕಿಕೊಳ್ಳಲು ಅವಕಾಶ ಇದೆ. ಪಿಕೊ-8 ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್, ಆದರೆ ಅದರಲ್ಲಿ ಮಾಡಿ ಕಾರ್ಟ್ ಎಂಬ ಫೈಲ್ ರೂಪದಲ್ಲಿ ಹಂಚಿದ ಗೇಮ್‌ಗಳ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅಂತೂ ಓಪನ್ ಆಗಿ ಹುಟ್ಟಿದ್ದೇ ಅಲ್ಲ. ಹವ್ಯಾಸಿಗಳು ವರ್ಷಗಟ್ಟಲೆ ಅದರ ಒಳಗನ್ನೆಲ್ಲ ಬಗೆದು, ಬರೆದಿಟ್ಟು, ಎಲ್ಲರಿಗೂ ಸಿಗುವಂತೆ ಮಾಡಿದರು. ನಿಮಗೆ ಎಂಥ ಸ್ವಾತಂತ್ರ್ಯ ಬೇಕು ಎಂಬುದರ ಮೇಲೆ ಇದಕ್ಕೆ ಬೆಲೆ. ಸುಮ್ನೆ ಗೇಮ್ ಮಾಡಿ ಹಂಚುವವರಿಗೆ ನಾಲ್ಕೂ ಸಾಕಷ್ಟು ಓಪನ್.

ಪಿಕೊ-8: ಯಂತ್ರವೇ ಇಲ್ಲದ ಕನ್ಸೋಲ್

ಮೊದಲ ಗೇಮ್ ಮಾಡುವವರು ಕೇಳಿದರೆ ನಾನು ಹೆಚ್ಚು ಯೋಚಿಸದೆ ಇದನ್ನೇ ಹೇಳುತ್ತೇನೆ. ಜೋಸೆಫ್ ವೈಟ್ ಅವರು ಲೆಕ್ಸಾಲಾಫಲ್ ಹೆಸರಿನಲ್ಲಿ 2015ರಲ್ಲಿ ಇದನ್ನು ಹೊರತಂದರು. ಎಂದೂ ಇರದಿದ್ದ ಹಳೇ ಕಾಲದ ಕನ್ಸೋಲ್ ಒಂದನ್ನು ಕಲ್ಪಿಸಿಕೊಂಡು, ಅದನ್ನು ಸಾಫ್ಟ್‌ವೇರ್ ಆಗಿ ಕಟ್ಟಿದ್ದಾರೆ. 128×128 ಪಿಕ್ಸೆಲ್, 16 ಬಣ್ಣ, ನಾಲ್ಕು ಚಾನೆಲ್ ಸೌಂಡ್. ಕೋಡ್ ಬರೆಯುವುದು, ಸ್ಪ್ರೈಟ್ (ಓಡಾಡುವ ಪುಟ್ಟ ಚಿತ್ರ) ಬಿಡಿಸುವುದು, ಮ್ಯಾಪ್ ಜೋಡಿಸುವುದು, ಸಂಗೀತ ಹಾಕುವುದು ಎಲ್ಲ ಅದರೊಳಗೇ. ಭಾಷೆ ಲೂವಾ. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬೆಲೆ ಸುಮಾರು 15 ಡಾಲರ್. ಬ್ರೌಸರ್‌ನಲ್ಲೇ ಓಡುವ ಉಚಿತ ಶಿಕ್ಷಣ ಆವೃತ್ತಿಯೂ ಇದೆ.

ಇದರ ನಿಜವಾದ ಶಕ್ತಿ ಹಂಚಿಕೆಯಲ್ಲಿದೆ. ಒಂದು ಆದೇಶ ಕೊಟ್ಟರೆ ವೆಬ್ ಪುಟದಲ್ಲಿ ಓಡುವ ಗೇಮ್ ಸಿದ್ಧ. ವಿಂಡೋಸ್, ಮ್ಯಾಕ್, ಲಿನಕ್ಸ್, ರಾಸ್ಪ್‌ಬೆರಿ ಪೈಗೂ ಹೊರತೆಗೆಯಬಹುದು. ಆಡುವವರು ಏನನ್ನೂ ಕೊಳ್ಳಬೇಕಿಲ್ಲ, ಲಿಂಕ್ ಒತ್ತಿದರೆ ಆಯಿತು. ಇಡೀ ಗೇಮನ್ನು ಒಂದು ಪಿಎನ್‌ಜಿ ಚಿತ್ರದೊಳಗೆ ಅಡಗಿಸಿ ಕಳಿಸುವ ವ್ಯವಸ್ಥೆಯೂ ಇದೆ. ಪ್ರತಿ ಪಿಕ್ಸೆಲ್‌ನ ಬಣ್ಣದ ಕೆಳಗಿನ ಎರಡೆರಡು ಬಿಟ್‌ಗಳಲ್ಲಿ ಕೋಡ್, ಚಿತ್ರ, ಸಂಗೀತ ಕೂತಿರುತ್ತವೆ. ಕಣ್ಣಿಗೆ ಕಾಣುವುದು ಕಾರ್ಟ್ರಿಡ್ಜ್‌ನ ಚಿತ್ರ ಮಾತ್ರ. ಕೈಯಲ್ಲಿ ಹಿಡಿದೇ ಆಡಬೇಕು ಅನ್ನುವವರಿಗೆ, ಲಿನಕ್ಸ್ ಓಡುವ ಅಗ್ಗದ ಹ್ಯಾಂಡ್‌ಹೆಲ್ಡ್‌ಗಳು ಬಹಳಷ್ಟಿವೆ. ಅವುಗಳ ಮೇಲೆ ಪಿಕೊ-8 ಚೆನ್ನಾಗಿಯೇ ಓಡುತ್ತದೆ.

ಮಿತಿ ಎಲ್ಲಿ ಕಚ್ಚುತ್ತದೆ? 8192 ಟೋಕನ್‌ಗಳಲ್ಲಿ. ಕೋಡ್‌ನಲ್ಲಿ ಬರುವ ಪ್ರತಿ ಹೆಸರು, ಸಂಖ್ಯೆ, ಗಣಿತದ ಚಿಹ್ನೆ ಒಂದೊಂದು ಟೋಕನ್. ಹೆಸರು ಎಷ್ಟೇ ಉದ್ದ ಇದ್ದರೂ ಒಂದೇ ಲೆಕ್ಕ. ಕಾಮೆಂಟ್, ಅಲ್ಪವಿರಾಮ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹೆಸರು ಮೊಟಕು ಮಾಡಿ ಕೋಡ್ ಕೆಡಿಸಿಕೊಳ್ಳಬೇಕಾದ ಕರ್ಮ ಇಲ್ಲ. ಶುರುವಿನಲ್ಲಿ ಈ ಮಿತಿ ಕಾಣಿಸುವುದೇ ಇಲ್ಲ. ಗೇಮ್ ಮುಕ್ಕಾಲು ಮುಗಿದಾಗ, ಇನ್ನೂ ಎರಡು ಶತ್ರು ಸೇರಿಸೋಣ ಅನ್ನುವ ಹೊತ್ತಿಗೆ ಧುತ್ತೆಂದು ಎದುರಾಗುತ್ತದೆ. ಅಲ್ಲಿಂದ ಮುಂದೆ ಕೆಲವರು ವಾರಗಟ್ಟಲೆ ಟೋಕನ್ ಉಳಿಸುವ ಸರ್ಕಸ್ ಮಾಡುತ್ತಾರೆ. ಮೊದಲ ಗೇಮ್‌ನಲ್ಲಿ ಅದು ಬೇಡ. ಟೋಕನ್ ಮುಗಿಯಿತೇ, ಗೇಮನ್ನೂ ಮುಗಿಸಿಬಿಡಿ. ಸೆಲೆಸ್ಟ್ ಎಂಬ ಹೆಸರಾದ ಗೇಮ್ ಮೊದಲು ಹುಟ್ಟಿದ್ದು ಪಿಕೊ-8ರಲ್ಲೇ, ಮ್ಯಾಡಿ ಥಾರ್ಸನ್ ಮತ್ತು ನೋಯಲ್ ಬೆರಿ ನಾಲ್ಕು ದಿನದಲ್ಲಿ ಮಾಡಿದ್ದು. ದೊಡ್ಡ ಆವೃತ್ತಿ ಬಂದದ್ದು 2018ರಲ್ಲಿ.

ಪಿಕೊ-8ಕ್ಕೆ ದುಡ್ಡು ಯಾಕೆ ಅನ್ನುವವರಿಗೆ, ಅಥವಾ ಉಪಕರಣದ ಸೋರ್ಸ್ ಕೋಡ್ ಕೂಡ ಕೈಯಲ್ಲಿರಬೇಕು ಅನ್ನುವವರಿಗೆ ಟಿಕ್-80 ಇದೆ. ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಎಂಐಟಿ ಲೈಸೆನ್ಸ್, 240×136 ಪಿಕ್ಸೆಲ್, ಲೂವಾ ಜೊತೆಗೆ ಜಾವಾಸ್ಕ್ರಿಪ್ಟ್ ಮುಂತಾದ ಹಲವು ಭಾಷೆಗಳು. ತಾಂತ್ರಿಕವಾಗಿ ಇದರಲ್ಲೇ ಸ್ವಾತಂತ್ರ್ಯ ಜಾಸ್ತಿ. ಆದರೂ ಪಿಕೊ-8 ಸುತ್ತ ಇರುವಷ್ಟು ಆಟಗಾರರು, ಪಾಠಗಳು, ಓದಿ ಕಲಿಯಬಹುದಾದ ಕಾರ್ಟ್‌ಗಳು ಇಲ್ಲಿಲ್ಲ. ಕಲಿಯುವವರಿಗೆ ಆ ರಾಶಿ ಕೋಡ್ ದೊಡ್ಡ ಆಸ್ತಿ.

ಪ್ಲೇಡೇಟ್: ಮಾರುವ ಆಸೆ ಇದ್ದರೆ

ಅಮೆರಿಕದ ಪೋರ್ಟ್‌ಲೆಂಡ್‌ನ ಪ್ಯಾನಿಕ್ ಎಂಬ ಸಾಫ್ಟ್‌ವೇರ್ ಕಂಪನಿ ಮಾಡಿದ ಹಳದಿ ಬಣ್ಣದ ಪುಟ್ಟ ಯಂತ್ರ ಇದು. 2019ರಲ್ಲಿ ಪ್ರಕಟವಾಯಿತು, ಜನರ ಕೈಗೆ ಸಿಗಲು ಶುರುವಾದದ್ದು 2022ರ ಏಪ್ರಿಲ್‌ನಲ್ಲಿ. ಆಗ ಬೆಲೆ 179 ಡಾಲರ್, ಆಮೇಲೆ ಏರಿದೆ. ಸ್ಕ್ರೀನ್ 400×240 ಪಿಕ್ಸೆಲ್, ಕಪ್ಪು ಅಥವಾ ಬಿಳಿ, ಮಧ್ಯದ ಬೂದು ಕೂಡ ಇಲ್ಲ. ಹಿಂದೆ ಬೆಳಕೂ ಇಲ್ಲ. ಬಲಬದಿಯಲ್ಲಿ ಮಡಚಿಡಬಹುದಾದ, ಗಿರಗಿರ ತಿರುಗಿಸುವ ಒಂದು ಹಿಡಿಕೆ. ಇದರ ವಿನ್ಯಾಸದಲ್ಲಿ ಸ್ಟಾಕ್‌ಹೋಮ್‌ನ ಟೀನೇಜ್ ಎಂಜಿನಿಯರಿಂಗ್ ಕೈ ಇದೆ.

ಗೇಮ್ ಮಾಡುವ ಉಪಕರಣಗಳ ಕಟ್ಟು, ಅಂದರೆ ಎಸ್‌ಡಿಕೆ, ಉಚಿತ. ಲೂವಾದಲ್ಲಿ ಬರೆಯಬಹುದು, ಸಿ ಭಾಷೆಯಲ್ಲೂ ಬರೆಯಬಹುದು. ಕೋಡೇ ಬೇಡ ಅನ್ನುವವರಿಗೆ ಬ್ರೌಸರ್‌ನಲ್ಲಿ ಓಡುವ ಪಲ್ಪ್ ಎಂಬ ಉಪಕರಣ ಇದೆ. ಅದರಲ್ಲಿ ಕೋಣೆ ಕೋಣೆಯಾಗಿ ಟೈಲ್ (ಚೌಕದ ಪುಟ್ಟ ಚಿತ್ರ) ಜೋಡಿಸುತ್ತ ಗೇಮ್ ಕಟ್ಟಬಹುದು. ಒಂದು ಕೋಣೆಗೆ 25×15 ಟೈಲ್. ಕಥೆ, ಒಗಟು, ಓಡಾಡಿ ಮಾತಾಡಿಸುವ ಗೇಮ್‌ಗೆ ಪಲ್ಪ್ ಸಾಕು. ವೇಗದ ಆ್ಯಕ್ಷನ್ ಗೇಮ್ ಅದರಲ್ಲಿ ಮಾಡಲು ಹೋಗಬೇಡಿ.

ಲೂವಾದಲ್ಲಿ ಶುರು ಮಾಡುವವರಿಗೆ ಒಂದು ಎಚ್ಚರಿಕೆ. ಕಂಪ್ಯೂಟರ್‌ನಲ್ಲಿ ಪ್ಲೇಡೇಟ್‌ನಂತೆ ನಟಿಸುವ ಸಿಮ್ಯುಲೇಟರ್ ನಿಜ ಯಂತ್ರಕ್ಕಿಂತ ಬಹಳ ವೇಗವಾಗಿ ಓಡುತ್ತದೆ. ಅಲ್ಲಿ ಬೆಣ್ಣೆಯಂತೆ ಸಾಗಿದ ಗೇಮ್ ಯಂತ್ರದ ಮೇಲೆ ಮುಗ್ಗರಿಸುತ್ತದೆ. ಪ್ರತಿ ಫ್ರೇಮ್‌ನಲ್ಲೂ ಹೊಸ ಹೊಸ ಟೇಬಲ್ (ಡೇಟಾ ಇಡುವ ಪಟ್ಟಿ) ಸೃಷ್ಟಿಸಿದರೆ, ಬಳಸದ ಮೆಮೊರಿಯನ್ನು ಗುಡಿಸುವ ಲೂವಾದ ಗಾರ್ಬೇಜ್ ಕಲೆಕ್ಟರ್ ಆಗಾಗ ಬಂದು ಗೇಮನ್ನು ತಡೆಯುತ್ತದೆ. ಮಾಮೂಲಿ ವೇಗ ಸೆಕೆಂಡಿಗೆ 30 ಫ್ರೇಮ್. ಮೊದಲು ಅಷ್ಟನ್ನು ಯಂತ್ರದ ಮೇಲೆ ಸ್ಥಿರವಾಗಿ ಹಿಡಿಯಿರಿ. ಸಾಲದಿದ್ದರೆ ಭಾರವಾದ ಭಾಗವನ್ನಷ್ಟೇ ಸಿ ಭಾಷೆಗೆ ಬದಲಿಸಿದರೆ ಆಯಿತು.

ಕಪ್ಪು-ಬಿಳುಪು ಸ್ಕ್ರೀನ್ ನೋಡಲು ಸುಂದರ, ಕೆಲಸ ಮಾಡಲು ಹಠಮಾರಿ. ಬೂದು ಬಣ್ಣದ ಭ್ರಮೆಗೆ ಚುಕ್ಕಿ ಚುಕ್ಕಿ ಹಾಕುತ್ತೇವೆ ಅಲ್ವಾ, ಆ ಚುಕ್ಕಿಗಳಿರುವ ಚಿತ್ರ ಸರಿದಾಡಿದಾಗ ಮಿಣಮಿಣ ಮಿನುಗುತ್ತದೆ. ಸರಿಯುವ ಹಿನ್ನೆಲೆ ಇರುವ ಗೇಮ್‌ಗೆ ದಪ್ಪ ಗೆರೆ, ಗಟ್ಟಿ ಕಪ್ಪು, ಗಟ್ಟಿ ಬಿಳಿ ಒಳ್ಳೆಯದು. ಸಿಮ್ಯುಲೇಟರ್‌ನಲ್ಲಿ ದೊಡ್ಡದಾಗಿ ಕಾಣುವ ಅಕ್ಷರ 2.7 ಇಂಚಿನ ಸ್ಕ್ರೀನ್ ಮೇಲೆ ಇರುವೆಯಂತಾಗುತ್ತದೆ ಎನ್ನುವುದನ್ನೂ ಮರೆಯಬೇಡಿ.

ಹಿಡಿಕೆಯ ವಿಷಯ ಇನ್ನೂ ಸೂಕ್ಷ್ಮ. ಹಿಡಿಕೆ ಇರುವುದು ಬಲಗಡೆ, ಎ ಮತ್ತು ಬಿ ಬಟನ್‌ಗಳೂ ಬಲಗಡೆ. ತಿರುಗಿಸುತ್ತಲೇ ಎ ಒತ್ತಿ ಅಂದರೆ ಆಟಗಾರನ ಕೈ ತೊಡಕಿಕೊಳ್ಳುತ್ತದೆ. ಎಡಗೈಗೆ ದಿಕ್ಕಿನ ಬಟನ್, ಬಲಗೈಗೆ ಹಿಡಿಕೆ, ಹೀಗೆ ಕೆಲಸ ಹಂಚಿದ ಗೇಮ್‌ಗಳೇ ಆರಾಮಾಗಿ ಆಡಿಸಿಕೊಳ್ಳುತ್ತವೆ. ಹಿಡಿಕೆ ಇದೆ ಎಂದು ಬಳಸಲೇಬೇಕು ಎಂದೇನೂ ಇಲ್ಲ. ಮೆನು ಸರಿಸಲು ಮಾತ್ರ ಅದನ್ನು ತುರುಕಿದ ಗೇಮ್‌ಗಳು ನನಗೆ ಕಿರಿಕಿರಿ.

ಈಗ ಪ್ರಕಟಣೆ. ಇಲ್ಲಿ ಪ್ಲೇಡೇಟ್ ಉಳಿದವಕ್ಕಿಂತ ಮುಂದಿದೆ. ದಾರಿ ಎರಡು. ಒಂದು, 2023ರ ಮಾರ್ಚ್‌ನಲ್ಲಿ ಶುರುವಾದ ಕ್ಯಾಟಲಾಗ್ ಎಂಬ ಅಂಗಡಿ. ಅದು ಯಂತ್ರದೊಳಗೇ ಇದೆ, ಆಟಗಾರ ಅಲ್ಲೇ ದುಡ್ಡು ಕೊಟ್ಟು ಅಲ್ಲೇ ಇಳಿಸಿಕೊಳ್ಳುತ್ತಾನೆ. ಆದರೆ ಅಲ್ಲಿಗೆ ಗೇಮ್ ಕಳಿಸಬೇಕು, ಅವರು ನೋಡಿ ಆರಿಸಬೇಕು. ಎರಡು, ಸೈಡ್‌ಲೋಡ್. ನೀವು ಫೈಲನ್ನು ಇಚ್.ಐಒದಂಥ ಗೇಮ್ ಮಾರುವ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಅಥವಾ ದುಡ್ಡಿಗೆ ಇಡುತ್ತೀರಿ. ಆಟಗಾರ ಅದನ್ನು ತನ್ನ ಪ್ಲೇಡೇಟ್ ಖಾತೆಗೆ ಹಾಕಿದರೆ ವೈಫೈ ಮೂಲಕ ಯಂತ್ರಕ್ಕೆ ಇಳಿಯುತ್ತದೆ. ಯುಎಸ್‌ಬಿ ಕೇಬಲ್‌ನಲ್ಲೂ ಹಾಕಬಹುದು. ಕ್ಯಾಟಲಾಗ್ ಬೇಡ ಎಂದರೂ ಗೇಮ್ ಸಾಯುವುದಿಲ್ಲ ಎನ್ನುವುದು ದೊಡ್ಡ ಸಮಾಧಾನ.

ಪ್ಲೇಡೇಟ್ ಕೊಂಡವರು ಹತ್ತಾರು ಸಾವಿರ ಮಂದಿ, ಕೋಟಿಗಟ್ಟಲೆ ಏನಲ್ಲ. ಆದರೆ ಅವರೆಲ್ಲ ವಿಚಿತ್ರ, ಪುಟ್ಟ ಗೇಮ್‌ಗಳಿಗಾಗಿಯೇ ದುಡ್ಡು ಸುರಿದವರು. ಫೋನ್ ಅಂಗಡಿಯ ಲಕ್ಷಾಂತರ ಗೇಮ್‌ಗಳ ನಡುವೆ ಮುಳುಗುವುದಕ್ಕಿಂತ ಇಲ್ಲಿ ಹೆಸರು ಕೇಳಿಸುವ ಸಾಧ್ಯತೆ ಜಾಸ್ತಿ. ಕೊರತೆ ಏನೆಂದರೆ ವೆಬ್ ಆವೃತ್ತಿ ಸುಲಭವಾಗಿ ಸಿಗುವುದಿಲ್ಲ. ಯಂತ್ರ ಇಲ್ಲದ ಗೆಳೆಯರಿಗೆ ತೋರಿಸಬೇಕಾದರೆ ಅವರು ಎಸ್‌ಡಿಕೆ ಇಳಿಸಿಕೊಂಡು ಸಿಮ್ಯುಲೇಟರ್‌ನಲ್ಲಿ ಆಡಬೇಕು. ಎಷ್ಟು ಜನ ಅಷ್ಟು ಕಷ್ಟಪಡುತ್ತಾರೆ ಹೇಳಿ?

ಆರ್ಡುಬಾಯ್: ಬೈಟ್ ಎಣಿಸುವ ಖುಷಿ

ಕ್ರೆಡಿಟ್ ಕಾರ್ಡ್ ಅಳತೆಯ ಈ ಯಂತ್ರವನ್ನು ಕೆವಿನ್ ಬೇಟ್ಸ್ 2015ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ತಂದರು. ಒಳಗಿರುವುದು ಎಟಿಮೆಗಾ32ಯು4 ಚಿಪ್, 16 ಮೆಗಾಹರ್ಟ್ಸ್. ಸ್ಕ್ರೀನ್ 128×64, ಒಂದೇ ಬಣ್ಣ. ಪ್ರೋಗ್ರಾಂಗೆ 32 ಕೆಬಿ, ಅದರಲ್ಲೂ ಸುಮಾರು 4 ಕೆಬಿ ಗೇಮ್ ತುಂಬಿಸಿಕೊಳ್ಳುವ ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಂ ತಿನ್ನುತ್ತದೆ. ರ‍್ಯಾಮ್ ಎರಡೂವರೆ ಕೆಬಿ.

ಆ ಎರಡೂವರೆ ಕೆಬಿಯ ಲೆಕ್ಕ ಹಾಕಿ ನೋಡಿ. ಸ್ಕ್ರೀನ್‌ನ ಪ್ರತಿ ಪಿಕ್ಸೆಲ್‌ಗೆ ಒಂದು ಬಿಟ್ ಎಂದರೂ 1024 ಬೈಟ್ ಬೇಕು. 2560ರಲ್ಲಿ ಅಷ್ಟು ಕಳೆದರೆ ಉಳಿಯುವುದು 1536 ಬೈಟ್. ಅದರಲ್ಲೇ ನಿಮ್ಮ ನಾಯಕ, ಶತ್ರುಗಳು, ಸ್ಟ್ಯಾಕ್ (ಪ್ರೋಗ್ರಾಂ ಓಡುವಾಗ ಬೇಕಾಗುವ ತಾತ್ಕಾಲಿಕ ಜಾಗ), ಎಲ್ಲ. ಚಿತ್ರಗಳನ್ನು ರ‍್ಯಾಮ್‌ಗೆ ತರದೆ ಫ್ಲ್ಯಾಶ್ ಮೆಮೊರಿಯಿಂದಲೇ ನೇರ ಓದಬೇಕು. ಶತ್ರುವಿನ ಜೀವ 0ರಿಂದ 15ರ ಒಳಗಿದ್ದರೆ ಅರ್ಧ ಬೈಟ್ ಸಾಕಲ್ಲ ಎಂದು ತಲೆ ಓಡತೊಡಗುತ್ತದೆ. ಕೆಲವರಿಗೆ ಇದು ಹಿಂಸೆ, ಕೆಲವರಿಗೆ ಇದೇ ಆಟ. ಕಂಪ್ಯೂಟರ್ ಒಳಗೆ ನಿಜಕ್ಕೂ ಏನು ನಡೆಯುತ್ತದೆ ಎಂದು ತಿಳಿಯುವ ಹಂಬಲ ಇದ್ದವರಿಗೆ ಇದರಷ್ಟು ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಕೋಡ್ ಬರೆಯಲು ಆರ್ಡುಯಿನೊ ಐಡಿಇ, ಆರ್ಡುಬಾಯ್2 ಲೈಬ್ರರಿ, ಸಿ++ ಭಾಷೆ. ಇಷ್ಟೇ ಸಾಮಾನು. ಸ್ಕೋರ್ ಉಳಿಸಲು ಆಫ್ ಮಾಡಿದರೂ ಅಳಿಯದ ಇಇಪ್ರೋಮ್ ಮೆಮೊರಿ 1 ಕೆಬಿ ಇದೆ, ಆದರೆ ಅದು ಎಲ್ಲ ಗೇಮ್‌ಗಳಿಗೂ ಸೇರಿ ಒಂದೇ. ಮೊದಲ 16 ಬೈಟ್ ಸಿಸ್ಟಮ್‌ಗೆ ಮೀಸಲು. ಉಳಿದ ಜಾಗದಲ್ಲಿ ನಿಮ್ಮ ಗೇಮ್ ಇನ್ನೊಂದರ ಸ್ಕೋರ್ ಮೇಲೆ ಬರೆದುಬಿಡಬಹುದು. ಹಾಗಾಗಿ ಓದುವಾಗ ಅದು ನಿಮ್ಮದೇ ಡೇಟಾ ಹೌದೋ ಎಂದು ಗುರುತು ಹಾಕಿ ಪರೀಕ್ಷಿಸಿ.

ಮೊದಲ ಆರ್ಡುಬಾಯ್‌ನಲ್ಲಿ ಒಂದು ಹೊತ್ತಿಗೆ ಒಂದೇ ಗೇಮ್. ಹೊಸದು ಹಾಕಿದರೆ ಹಳೆಯದು ಹೋಯಿತು. ಆಮೇಲೆ ಬಂದ ಎಫ್‌ಎಕ್ಸ್ ಮಾದರಿಯಲ್ಲಿ 16 ಎಂಬಿ ಹೆಚ್ಚುವರಿ ಚಿಪ್ ಇದೆ, ಇನ್ನೂರಕ್ಕೂ ಹೆಚ್ಚು ಗೇಮ್ ಹಿಡಿಸುತ್ತದೆ. ಆ ಸಂಗ್ರಹದಲ್ಲಿ ಸೇರುವುದೇ ಇಲ್ಲಿ ಪ್ರಕಟಣೆ. ದುಡ್ಡಿನ ಮಾತು ಬಿಡಿ. ಈ ಲೋಕದಲ್ಲಿ ಗೇಮ್‌ಗಳು ಬಹುತೇಕ ಉಚಿತ, ಸೋರ್ಸ್ ಕೋಡ್ ಸಮೇತ. ದುಡಿಮೆಗಾಗಿ ಬರುವವರಿಗೆ ಇದು ಜಾಗ ಅಲ್ಲ.

ಗೇಮ್ ಬಾಯ್: ಹಳೆಯದು, ಆದರೆ ಎಲ್ಲೆಡೆ ಇದೆ

1989ರ ಯಂತ್ರಕ್ಕೆ ಈಗ ಗೇಮ್ ಮಾಡುವುದು ಹುಚ್ಚು ಅನಿಸಬಹುದು. ಆದರೆ ಗೇಮ್ ಬಾಯ್ ಮತ್ತು ಅದರ ಕಲರ್ ಮಾದರಿ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾಗಿವೆ. ಇವತ್ತು ಫೋನ್, ಕಂಪ್ಯೂಟರ್, ಬ್ರೌಸರ್, ಹ್ಯಾಂಡ್‌ಹೆಲ್ಡ್ ಯಾವುದರಲ್ಲೂ ಅದರಂತೆ ನಟಿಸುವ ಎಮ್ಯುಲೇಟರ್ ಇದೆ. ಇಡೀ ಗೇಮ್ ಇರುವ ಒಂದೇ ರಾಮ್ (ROM) ಫೈಲ್ ಅಷ್ಟೂ ಕಡೆ ಓಡುತ್ತದೆ. ತಲುಪುವ ವಿಷಯದಲ್ಲಿ ಪಿಕೊ-8ಕ್ಕೆ ಸರಿಸಾಟಿ ಇದೊಂದೇ.

ಕ್ರಿಸ್ ಮಾಲ್ಟ್‌ಬಿ 2019ರಲ್ಲಿ ಬಿಟ್ಟ ಜಿಬಿ ಸ್ಟುಡಿಯೊ ಬಂದ ಮೇಲೆ ಚಿಪ್‌ಗೆ ಹತ್ತಿರದ ಅಸೆಂಬ್ಲಿ ಎಂಬ ಕಷ್ಟದ ಭಾಷೆ ಗೊತ್ತಿಲ್ಲದವರೂ ಒಳಗೆ ಬಂದರು. ಉಚಿತ, ಓಪನ್ ಸೋರ್ಸ್. ದೃಶ್ಯಗಳನ್ನು ಎಳೆದು ಜೋಡಿಸಿ, ಏನಾದ ಮೇಲೆ ಏನು ಎಂದು ಪಟ್ಟಿಯಿಂದ ಆರಿಸುತ್ತ ಹೋಗಬಹುದು. ಕೊನೆಗೆ ರಾಮ್ ಆಗಿಯೂ ವೆಬ್ ಪುಟವಾಗಿಯೂ ಹೊರಬರುತ್ತದೆ. ಕೈಯಲ್ಲೇ ಕೋಡ್ ಬರೆಯುವವರಿಗೆ ಸಿ ಭಾಷೆಯ ಜಿಬಿಡಿಕೆ, ಅಸೆಂಬ್ಲಿಯ ಆರ್‌ಜಿಬಿಡಿಎಸ್ ಇವೆ.

ಯಂತ್ರದ ನಿಯಮಗಳು ಮಾತ್ರ ಕಟ್ಟುನಿಟ್ಟು. 160×144 ಪಿಕ್ಸೆಲ್, ನಾಲ್ಕು ಛಾಯೆ, ಒಟ್ಟು 40 ಸ್ಪ್ರೈಟ್, ಅಡ್ಡ ಸಾಲೊಂದಕ್ಕೆ ಹತ್ತೇ. ಹನ್ನೊಂದನೆಯದು ಆ ಸಾಲಿನಲ್ಲಿ ಮಾಯ. ಎಮ್ಯುಲೇಟರ್‌ನಲ್ಲಿ ಸರಿಯಾಗಿ ಓಡಿದ್ದು ನಿಜ ಯಂತ್ರದಲ್ಲಿ ಹಾಳಾಗುವುದೂ ಉಂಟು. ಆನ್ ಮಾಡಿದಾಗ ಮೆಮೊರಿಯಲ್ಲಿ ಎಲ್ಲ ಸೊನ್ನೆ ಇರುತ್ತದೆ ಎಂದು ನಂಬಿದ ಕೋಡ್ ಅಲ್ಲಿ ಎಡವುತ್ತದೆ. ನಿಖರವಾದ ಎಮ್ಯುಲೇಟರ್, ಸೇಮ್‌ಬಾಯ್‌ನಂಥದ್ದು, ಇಟ್ಟುಕೊಳ್ಳಿ. ಜೊತೆಗೆ ನಿಜ ಯಂತ್ರದಲ್ಲಿ ಪರೀಕ್ಷಿಸಲು, ಮತ್ತೆ ಮತ್ತೆ ಗೇಮ್ ಬರೆಯಬಹುದಾದ ಒಂದು ಫ್ಲ್ಯಾಶ್ ಕಾರ್ಟ್ರಿಡ್ಜ್.

ಮಾತು ಹೆಚ್ಚಿರುವ ಗೇಮ್ ಮಾಡುವವರು ಅಕ್ಷರಗಳ ಬಗ್ಗೆ ಮೊದಲೇ ಯೋಚಿಸಿ. ಈ ನಾಲ್ಕು ಕಡೆಯೂ ಒತ್ತಕ್ಷರ, ಗುಣಿತ ಇರುವ ಲಿಪಿಗಳನ್ನು ತಾನಾಗಿ ಜೋಡಿಸುವ ವ್ಯವಸ್ಥೆ ಇಲ್ಲ. ಕನ್ನಡದಲ್ಲಿ ಸಂಭಾಷಣೆ ಬೇಕಾದರೆ ಪದಗಳನ್ನು ಚಿತ್ರವಾಗಿ ಬಿಡಿಸಿಡಬೇಕು. ಕಡಿಮೆ ಮಾತಿನ ಗೇಮ್‌ಗೆ ಅದು ಆಗುವ ಕೆಲಸ. ಜಾಗದ ದೃಷ್ಟಿಯಿಂದ ಪ್ಲೇಡೇಟ್‌ನ 400×240 ಇದಕ್ಕೆ ಎಲ್ಲಕ್ಕಿಂತ ವಾಸಿ, ಆರ್ಡುಬಾಯ್ ಎಲ್ಲಕ್ಕಿಂತ ಕಷ್ಟ.

ಪ್ರಕಟಣೆಗೆ ಇಲ್ಲಿ ಒಂದು ವಿಶೇಷ ಇದೆ: ನಿಜವಾದ ಕಾರ್ಟ್ರಿಡ್ಜ್. ಡಬ್ಬಿ, ಪುಸ್ತಿಕೆ ಸಮೇತ ಮಾಡಿಕೊಡುವ ಸಣ್ಣ ಪ್ರಕಾಶಕರಿದ್ದಾರೆ, ಕೊಳ್ಳುವ ಸಂಗ್ರಹಕಾರರೂ ಇದ್ದಾರೆ. ಮೂಲ ಕಂಪನಿಯ ಹೆಸರು, ಲೋಗೋ ಮಾತ್ರ ಡಬ್ಬಿ ಮೇಲೆ ಹಾಕಬೇಡಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಡಿಜಿಟಲ್ ಹಕ್ಕು ಯಾರ ಬಳಿ ಉಳಿಯುತ್ತದೆ, ಎಷ್ಟು ಪ್ರತಿಗಳು ಎಂದು ಬರಹದಲ್ಲಿ ಕೇಳಿ.

ಉಳಿದವು, ಚುಟುಕಾಗಿ

ಥಂಬಿ ಎಂಬುದು ಕೀ ಗೊಂಚಲಿಗೆ ಸಿಕ್ಕಿಸುವಷ್ಟು ಪುಟಾಣಿ, 72×40 ಪಿಕ್ಸೆಲ್, ಮೈಕ್ರೊಪೈಥಾನ್. ಪೈಥಾನ್ ಬಲ್ಲವರಿಗೆ ಒಂದು ವಾರಾಂತ್ಯದ ಮೋಜು, ಅದಕ್ಕಿಂತ ದೊಡ್ಡ ಯೋಜನೆ ಹಾಕಿಕೊಳ್ಳಬೇಡಿ. ಲಿನಕ್ಸ್ ಹ್ಯಾಂಡ್‌ಹೆಲ್ಡ್‌ಗಳ ಕಥೆ ಬೇರೆ. 2005ರ ಜಿಪಿ2ಎಕ್ಸ್, 2010ರ ಪಂಡೋರಾದಿಂದ ಇವತ್ತಿನ ಅಗ್ಗದ ಯಂತ್ರಗಳವರೆಗೆ ಅವು ಬರುತ್ತಲೇ ಇವೆ. ಅವುಗಳಿಗೆ ಲವ್ (LÖVE), ಗೊಡೊಟ್ ಎಂಬ ಗೇಮ್ ಎಂಜಿನ್‌ಗಳನ್ನು ಬಳಸಿ ಗೇಮ್ ಮಾಡಬಹುದು, ಪೋರ್ಟ್‌ಮಾಸ್ಟರ್ ಎಂಬ ಗೇಮ್ ಸಂಗ್ರಹದ ಮೂಲಕ ಹಂಚಬಹುದು. ಆದರೆ ಪ್ರತಿ ಯಂತ್ರದ ಸ್ಕ್ರೀನ್, ಬಟನ್, ಸಿಸ್ಟಮ್ ಬೇರೆ ಬೇರೆ. ಅವನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳುವುದಕ್ಕಿಂತ, ಕಂಪ್ಯೂಟರ್‌ಗೆ ಮಾಡಿದ ಗೇಮನ್ನು ಅಲ್ಲಿಗೂ ತರುವುದು ಮೇಲು.

ದುಡ್ಡು, ಲೈಸೆನ್ಸ್

ಯಾವುದನ್ನು ಆರಿಸಿದರೂ ಇಚ್.ಐಒದಲ್ಲಿ ಒಂದು ಪುಟ ಇರಲಿ. ಅಲ್ಲಿ ಅಂಗಡಿಗೆ ಎಷ್ಟು ಪಾಲು ಎಂದು ಮಾರುವವರೇ ನಿರ್ಧರಿಸುತ್ತಾರೆ, ಏನೂ ಬದಲಿಸದಿದ್ದರೆ 10 ಶೇಕಡಾ. ಇಷ್ಟಬಂದಷ್ಟು ಕೊಡಿ ಎಂದೂ ಇಡಬಹುದು. ತೆರಿಗೆ ಫಾರ್ಮ್ ತುಂಬುವ ಕೆಲಸ ಇದೆ, ಅದನ್ನು ಬಿಡುಗಡೆಯ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಪುಟದ ಮೇಲೆ ಜನ ಮೊದಲು ನೋಡುವುದು ಓಡಾಡುವ ಚಿತ್ರವನ್ನು. ಪಿಕೊ-8ರಲ್ಲೂ ಪ್ಲೇಡೇಟ್ ಸಿಮ್ಯುಲೇಟರ್‌ನಲ್ಲೂ ಗಿಫ್ ತೆಗೆಯುವ ಸೌಲಭ್ಯ ಒಳಗೇ ಇದೆ.

ಬೇರೆಯವರ ಕೋಡ್ ಎತ್ತಿಕೊಳ್ಳುವಾಗ ಕಣ್ಣು ತೆರೆದಿರಲಿ. ಪಿಕೊ-8ರ ಎಷ್ಟೋ ಕಾರ್ಟ್‌ಗಳು ವಾಣಿಜ್ಯ ಬಳಕೆಗೆ ಅವಕಾಶ ಇಲ್ಲದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿರುತ್ತವೆ. ಓದಿ ಕಲಿಯಿರಿ, ಆದರೆ ಹಾಗೇ ನಕಲು ಮಾಡಿ ಮಾರುವ ಗೇಮ್‌ಗೆ ಹಾಕುವಂತಿಲ್ಲ. ಸಂಗೀತ, ಸ್ಪ್ರೈಟ್, ಫಾಂಟ್‌ಗಳಿಗೂ ಇದೇ ಮಾತು.

ಯಂತ್ರದ ಆಯುಸ್ಸೂ ಒಂದು ಲೆಕ್ಕ. ಪ್ಲೇಡೇಟ್ ಒಂದೇ ಕಂಪನಿಯ ಕೈಯಲ್ಲಿದೆ. ಆರ್ಡುಬಾಯ್ ತಯಾರಿಕೆ ನಿಂತರೂ ನಕ್ಷೆ ಇರುವುದರಿಂದ ಬೇರೆಯವರು ಮಾಡಬಲ್ಲರು. ಗೇಮ್ ಬಾಯ್ ತಯಾರಿಕೆ ಯಾವತ್ತೋ ನಿಂತರೂ ಅದರ ಗೇಮ್‌ಗಳು ಓಡುತ್ತಿವೆ. ಸೋರ್ಸ್ ಕೋಡ್, ಮೂಲ ಚಿತ್ರಗಳು, ಬಳಸಿದ ಎಸ್‌ಡಿಕೆಯ ಆ ನಿರ್ದಿಷ್ಟ ಆವೃತ್ತಿ, ಮೂರನ್ನೂ ಒಟ್ಟಿಗೆ ಎತ್ತಿಡಿ.

ಇನ್ನೂ ತೀರ್ಮಾನ ಆಗದಿದ್ದರೆ ಹೀಗೆ ಮಾಡಿ. ನಿಮ್ಮ ಗೇಮ್‌ನ ಮುಖ್ಯ ದೃಶ್ಯ ಒಂದನ್ನು ನಾಲ್ಕು ಅಳತೆಯಲ್ಲಿ ಬಿಡಿಸಿ: 128×128ರಲ್ಲಿ 16 ಬಣ್ಣ, 400×240ರಲ್ಲಿ ಕಪ್ಪು-ಬಿಳುಪು, 128×64ರಲ್ಲಿ ಕಪ್ಪು-ಬಿಳುಪು, 160×144ರಲ್ಲಿ ನಾಲ್ಕು ಛಾಯೆ. ಕುಗ್ಗಿಸಿ ನಿಜ ಅಳತೆಯಲ್ಲಿ ನೋಡಿ. ಯಾವುದರಲ್ಲಿ ಏನಾಗುತ್ತಿದೆ ಎಂದು ಹೇಳದೆಯೇ ಗೊತ್ತಾಗುತ್ತದೋ ಅಲ್ಲಿಂದ ಶುರು ಮಾಡಿ. ಪ್ಲೇಡೇಟ್ ಸಿಮ್ಯುಲೇಟರ್, ಜಿಬಿ ಸ್ಟುಡಿಯೊ, ಆರ್ಡುಬಾಯ್ ಎಮ್ಯುಲೇಟರ್, ಪಿಕೊ-8ರ ಶಿಕ್ಷಣ ಆವೃತ್ತಿ ಎಲ್ಲ ಉಚಿತವಾಗಿ ಸಿಗುತ್ತವೆ. ಯಂತ್ರ ಕೊಳ್ಳುವ ಮುನ್ನವೇ ಒಂದು ಆಡಬಲ್ಲ ಮಾದರಿ ಮಾಡಿ ನೋಡಬಹುದು.